ಐಯಾಟಾ ಕೋರ್ಸಾ, ಎಂಬಿಎ ಟೂರಿಸಮ್ಮಾ, ಇಲ್ಲ ಗೈಡ್ ಕಾರ್ಡಾ? ಹೊಸಪೇಟೆಯಿಂದ ಕೇಳ್ತಿದೀನಿ

ಹೊಸಪೇಟೆ_ಹುಡುಗ

ಎಲ್ರಿಗೂ ನಮಸ್ಕಾರ. ಬಿಎ ಮುಗಿಸಿ ಮೂರು ವರ್ಷ ಆಯ್ತು, ಹಿಸ್ಟರಿ ಓದಿದ್ದು, ಸದ್ಯಕ್ಕೆ ಬಸ್ ಸ್ಟ್ಯಾಂಡ್ ಹತ್ರ ನಮ್ ಮಾವನ ಟ್ರಾವೆಲ್ಸ್ ಅಂಗಡೀಲಿ ಕೂತ್ಕೊಂಡು ಬೆಂಗಳೂರು ಸ್ಲೀಪರ್ ಟಿಕೆಟ್ ಬುಕ್ ಮಾಡೋದು, ಹಂಪಿ ನೋಡೋಕ್ ಬಂದೋರಿಗೆ ಕಾರು ಆಟೋ ಹೇಳಿಕೊಡೋದು, ಇಷ್ಟೇ ಕೆಲಸ. ಹಿಂಗೇ ಇದ್ರೆ ಮಾವನ ಅಂಗಡೀಲೇ ಮುದುಕ ಆಗ್ತೀನಿ ಅನ್ನಿಸಿದೆ. ಬೆಂಗಳೂರಲ್ಲಿ ಒಂದು ಇನ್‌ಸ್ಟಿಟ್ಯೂಟ್‌ಗೆ ಫೋನ್ ಮಾಡಿದ್ದೆ, ಆರು ತಿಂಗಳು, ಐಯಾಟಾ (ಏರ್‌ಲೈನ್‌ಗಳ ಅಂತಾರಾಷ್ಟ್ರೀಯ ಸಂಘ) ಪ್ಲಸ್ ಜಿಡಿಎಸ್ (ಏಜೆಂಟ್‌ಗಳು ಟಿಕೆಟ್ ಬುಕ್ ಮಾಡೋ ಕಂಪ್ಯೂಟರ್ ಸಿಸ್ಟಮ್), 85 ಸಾವಿರ, ನೂರಕ್ಕೆ ನೂರು ಜಾಬ್ ಅಂದ್ರು, ಅದಾದ್ಮೇಲೆ ದಿನಕ್ಕೆ ಎರಡು ಸಲ ಅವ್ರೇ ಫೋನ್ ಮಾಡ್ತಿದಾರೆ. ಅಪ್ಪ ಎಂಬಿಎ ಮಾಡು ಅಂತಾರೆ. ಮಾವ ಗೈಡ್ ಆಗು ಅಂತಾರೆ, ಅಂಗಡಿಗೂ ಉಪಯೋಗ ಅಂತ ಅವ್ರ ಲೆಕ್ಕ. ಇಂಗ್ಲಿಷ್ ಓದ್ತೀನಿ, ಮಾತಾಡೋಕ್ ತಡವರಿಸ್ತೀನಿ. ಈ ಫೀಲ್ಡಲ್ಲಿರೋರು ದಯವಿಟ್ಟು ಹೇಳಿ, ದುಡ್ಡು ಕಟ್ಟೋ ಮುಂಚೆ.

ಟಿಕೆಟಿಂಗ್_ಟೇಬಲ್

ಬ್ರೋ, ಮೊದ್ಲು ಆ ಫೋನ್ ಎತ್ತೋದ್ ನಿಲ್ಸು.

ನಾನು ಬೆಂಗಳೂರಲ್ಲಿ ಟಿಕೆಟಿಂಗ್‌ನಲ್ಲಿ 9 ವರ್ಷದಿಂದ ಇದೀನಿ, ನಾನೂ ಇದೇ ಥರ ಒಂದು ಕಡೆ ದುಡ್ಡು ಕಟ್ಟಿ ಕಲ್ತೋನು, ನೂರಕ್ಕೆ ನೂರು ಜಾಬ್ ಅಂದ್ರೆ ಏನು ಅಂತ ಆಮೇಲೆ ಗೊತ್ತಾಯ್ತು, ಕಾಲ್ ಸೆಂಟರ್‌ದು ಎರಡು ಇಂಟರ್ವ್ಯೂಗೆ ಕಳ್ಸಿದ್ರು, ಅಲ್ಲಿಗೆ ಅವ್ರ ಜವಾಬ್ದಾರಿ ಮುಗೀತು. ಐಯಾಟಾ ಸರ್ಟಿಫಿಕೇಟ್ ಕೊಡೋದು ಐಯಾಟಾನೇ, ಪರೀಕ್ಷೆನೂ ಅವ್ರದ್ದೇ, ಇನ್‌ಸ್ಟಿಟ್ಯೂಟ್ ಬರೀ ಪಾಠ ಮಾಡುತ್ತೆ. ಅವ್ರ ಹೆಸರು ಐಯಾಟಾ ವೆಬ್‌ಸೈಟಲ್ಲಿ ಟ್ರೇನಿಂಗ್ ಸೆಂಟರ್ ಅಂತ ಇದೆಯಾ ನೋಡು, 85 ಸಾವಿರದಲ್ಲಿ ಐಯಾಟಾ ಫೀಸ್ ಎಷ್ಟು ಇವ್ರದ್ದು ಎಷ್ಟು ಅಂತ ಬರೆದು ಕೊಡಿ ಅನ್ನು. ಬರೆದು ಕೊಡಲ್ಲ ಅಂದ್ರೆ ಎದ್ದು ಬಾ.

ಇನ್ನೊಂದು, ಅಮೇಡಿಯಸ್ ಇಲ್ಲ ಗೆಲಿಲಿಯೋ, ಜಿಡಿಎಸ್ ಅಂದ್ರೆ ಇವೇ, ಕೈಯಾರೆ ಎಷ್ಟು ಗಂಟೆ ಪ್ರಾಕ್ಟೀಸ್ ಕೊಡ್ತಾರೆ ಕೇಳು. ಆಫೀಸಲ್ಲಿ ಯಾರೂ ಸರ್ಟಿಫಿಕೇಟ್ ನೋಡಲ್ಲ, ಸಿಸ್ಟಮ್ ಮುಂದೆ ಕೂರಿಸ್ತಾರೆ. ಅಮೇಡಿಯಸ್‌ನಲ್ಲಿ ಎಎನ್ ಒತ್ತಿ, ತಾರೀಖು, ಬಿಎಲ್‌ಆರ್ (ಬೆಂಗಳೂರು), ಡಿಎಕ್ಸ್‌ಬಿ (ದುಬೈ) ಹೊಡೆದ್ರೆ ಫ್ಲೈಟ್ ಲಿಸ್ಟ್ ಬರುತ್ತೆ, ಎಸ್‌ಎಸ್ ಹೊಡೆದು ಸೀಟ್ ತಗೊಳ್ಳೋದು, ಎನ್‌ಎಂ ಹೊಡೆದು ಹೆಸರು ಹಾಕೋದು, ಇದು ಬೆರಳಿಗೆ ಬರಬೇಕು, ತಲೆಗಲ್ಲ. ಮೌಸ್ ಹುಡುಕ್ತಾ ಕೂತ್ರೆ ಕಸ್ಟಮರ್ ಎದ್ದೋಗ್ತಾನೆ.

ಓದೋದು ಕಷ್ಟ ಇಲ್ಲ, ಆದ್ರೆ ಮೋಸದ ಜಾಗಗಳಿದಾವೆ. ಪ್ರಪಂಚನ ಐಯಾಟಾ ಮೂರು ಏರಿಯಾ ಮಾಡಿದೆ. ಒಂದು ಅಮೆರಿಕ, ಎರಡು ಯುರೋಪ್ ಆಫ್ರಿಕಾ ಮಿಡಲ್ ಈಸ್ಟ್, ಮೂರು ನಮ್ ಏಷ್ಯಾ ಕಡೆ, ಆಸ್ಟ್ರೇಲಿಯಾ ಸೇರಿ. ಇಷ್ಟೇನಾ ಅಂದ್ಕೋಬೇಡ, ಇವ್ರ ಲೆಕ್ಕದಲ್ಲಿ ಮೊರಾಕ್ಕೋ, ಅಲ್ಜೀರಿಯಾ, ಟುನೀಷಿಯಾ ಯುರೋಪಲ್ಲಿ ಬರುತ್ತೆ, ಈಜಿಪ್ಟ್ ಸುಡಾನ್ ಮಿಡಲ್ ಈಸ್ಟಲ್ಲಿ. ಹೈಸ್ಕೂಲ್ ಮ್ಯಾಪ್ ಮರ್ತು ಇವ್ರ ಮ್ಯಾಪ್ ಕಲಿ. ಸಿಟಿ ಕೋಡ್ ದಿನಕ್ಕೆ ಹತ್ತು ಬಾಯಿಪಾಠ ಮಾಡು. ಹುಬ್ಬಳ್ಳಿ ಎಚ್‌ಬಿಎಕ್ಸ್, ಮಂಗಳೂರು ಐಎಕ್ಸ್‌ಇ, ಮೈಸೂರು ಎಂವೈಕ್ಯೂ, ನಿಮ್ಮೂರ್ ಪಕ್ಕದ ತೋರಣಗಲ್ಲುದೂ ಇದೆ, ವಿಡಿವೈ.

ಇನ್ನು ಟೈಮ್ ಲೆಕ್ಕ, ಅರ್ಧ ಕ್ಲಾಸ್ ಎಡವೋದೇ ಇಲ್ಲಿ. ಇದನ್ನ ಮಾಡು: ಡಿಸೆಂಬರಲ್ಲಿ ಬೆಂಗಳೂರು ರಾತ್ರಿ 3.30ಕ್ಕೆ ಬಿಟ್ಟು ಫ್ರಾಂಕ್‌ಫರ್ಟ್‌ಗೆ ಅಲ್ಲಿಯ ಟೈಮ್ ಬೆಳಗ್ಗೆ 9ಕ್ಕೆ ಇಳಿದ್ರೆ ಹಾರಿದ್ದು ಎಷ್ಟು ಗಂಟೆ? ಗ್ರೀನಿಚ್ ಟೈಮಿಗೆ ನಮ್ದು ಪ್ಲಸ್ ಐದೂವರೆ, ಅವ್ರದ್ದು ಚಳಿಗಾಲದಲ್ಲಿ ಪ್ಲಸ್ ಒಂದು. ಉತ್ತರ ಇಲ್ಲೇ ಹಾಕು.

ಕಡಲ_ಕರೆ

ಮೇಲಿನವರು ಹೇಳಿದ್ದು ಸರಿ ಉಂಟು. ನಾನು ಮಂಗಳೂರಿನವಳು, ದುಬೈಯಲ್ಲಿ ಕೌಂಟರಿನಲ್ಲಿ ಎಂಟು ವರ್ಷ ಆಯ್ತು. ಒಂದು ವಿಷಯ ಯಾವ ಕ್ಲಾಸಿನಲ್ಲಿಯೂ ನೆಟ್ಟಗೆ ಹೇಳಿಕೊಡುವುದಿಲ್ಲ ಮಾರಾಯ್ರೆ, ನಮ್ಮವರ ಹೆಸರು. ನಮ್ಮಲ್ಲಿ ಸರ್‌ನೇಮ್ ಎಲ್ಲಿ ಉಂಟು? ಇನಿಶಿಯಲ್ ಮಾತ್ರ. ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಗಿವನ್ ನೇಮ್‌ನಲ್ಲಿ ಒಂದೇ ಒಂದು ಹೆಸರು. ಸಿಸ್ಟಮ್ ಎರಡೂ ಕೇಳ್ತದೆ, ಒಂದೊಂದು ಏರ್‌ಲೈನಿಗೆ ಒಂದೊಂದು ರೂಲ್. ಮತ್ತೆ 2022ರ ನವೆಂಬರಿನಿಂದ ಯುಎಇಗೆ ವಿಸಿಟ್ ವೀಸಾದಲ್ಲಿ ಬರುವವರ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು, ಎರಡನೇ ಪುಟದಲ್ಲಿ ಅಪ್ಪನ ಅಥವಾ ಮನೆತನದ ಹೆಸರೂ ಇಲ್ಲದಿದ್ರೆ ಆಗುವುದಿಲ್ಲ. ಆ ತಿಂಗಳೇ ದಾವಣಗೆರೆ ಕಡೆಯ ಒಬ್ಬರು ಅಮ್ಮ ಮಗಳ ಬಾಣಂತನಕ್ಕೆ ಬರುವವರು, ಬೆಂಗಳೂರು ಚೆಕ್‌ಇನ್ ಕೌಂಟರಿನಲ್ಲಿ ನಿಂತು ಹೋದ್ರು, ಬ್ಯಾಗಲ್ಲಿ ಅಂಟಿನುಂಡೆ ಡಬ್ಬ, ಇಲ್ಲಿ ಮಗಳು ನನ್ನ ಎದುರು ಕೂತು ಅಳು. ಟಿಕೆಟ್ ಮಾಡಿದ್ದು ನಾನೇ. ಅವತ್ತಿಂದ ಪಾಸ್‌ಪೋರ್ಟಿನ ಎರಡೂ ಪುಟದ ಫೋಟೋ ಕಾಣದೆ ನಾನು ಹೆಸರು ಟೈಪ್ ಮಾಡುವುದಿಲ್ಲ.

ಇಂಗ್ಲಿಷಿಗೆ ಹೆದರಬೇಡಿ. ಇಲ್ಲಿ ಕೌಂಟರಿಗೆ ಬರುವವರದ್ದು ಹಿಂದಿ, ಮಲಯಾಳಂ, ತುಳು, ಎಲ್ಲ ಕಲಸುಮೇಲೋಗರ.

ಕಮಲಾಪುರ_ಗೈಡ್

ತಮ್ಮಾ, ನಾನು ಕಮಲಾಪುರದಾವ, ಹಂಪ್ಯಾಗ ಗೈಡ್ ಕೆಲಸ ಮಾಡಾಕತ್ತಿ ಹದಿನಾಕು ವರ್ಷ ಆತು. ಹಂಪಿ ಮಗ್ಗಲದಾಗ ಕುಂತು, ಹಿಸ್ಟರಿ ಓದಿ, ಬೆಂಗಳೂರಾಗ ಕೀಬೋರ್ಡ್ ಕುಟ್ಟಾಕ ಹೋಗ್ತೀನಿ ಅಂತೀಯಲ್ಲೋ.

ಗೈಡ್ ಕಾರ್ಡ್ ಬೇಕಂದಾಗ ಸಿಗೂದಿಲ್ಲ. ಟೂರಿಸಂ ಡಿಪಾರ್ಟ್‌ಮೆಂಟಿನವರು ಕರೆದಾಗ ಅರ್ಜಿ ಹಾಕಬೇಕು, ಟ್ರೇನಿಂಗ್ ಮುಗಿಸಬೇಕು. ಅಲ್ಲೀಮಟ ಕೇಂದ್ರ ಪ್ರವಾಸೋದ್ಯಮ ಮಂತ್ರಾಲಯದ್ದು ಇನ್‌ಕ್ರೆಡಿಬಲ್ ಇಂಡಿಯಾ ಹೆಸರಿಲೆ ಆನ್‌ಲೈನ್ ಕೋರ್ಸ್ ಐತಿ, ಅಂಗಡ್ಯಾಗ ಕುಂತೇ ಮಾಡಬಹುದು. ಆದ್ರ ಕೋರ್ಸಿಗಿಂತ ದೊಡ್ಡದು ಒಂದು ಮಾತು ಹೇಳ್ತೀನಿ ಕೇಳು. ನಾನು ಹೊಸದಾಗಿ ಬಂದಾಗ ವಿರೂಪಾಕ್ಷ ಗುಡಿ ಹಿಂದಿನ ಕತ್ಲಕೋಣಿಯೊಳಗ ಗೋಪುರದ ನೆರಳು ತಲೆಕೆಳಗ ಬೀಳತೈತಲ್ಲ, ಅದನ್ನ ದೇವರ ಪವಾಡ ಅಂತ ಕೈಕಾಲು ಆಡಿಸಿ ಹೇಳ್ತಿದ್ದೆ. ಒಂದಿನ ಜರ್ಮನಿಯಾಕಿ ಒಬ್ಬಾಕಿ, ಫಿಸಿಕ್ಸ್ ಟೀಚರ್, ಸುಮ್ನ ಎದ್ದು ಗ್ವಾಡಿಯೊಳಗಿನ ತೂತಿಗೆ ಕೈ ಅಡ್ಡ ಹಿಡಿದ್ಲು. ನೆರಳು ಮಾಯ. ಕೈ ತಗದ್ಲು, ಬಂತು. ನನ್ನ ಮಕ ನೋಡಿ ನಕ್ಲು. ಅವತ್ತು ರಾತ್ರಿ ನನ್ನ ಮಗಳ ಏಳನೇತ್ತ ವಿಜ್ಞಾನ ಪುಸ್ತಕ ತಗದು ಸೂಜಿರಂಧ್ರ ಕ್ಯಾಮೆರಾ ಓದಿದೆ. ಈಗ ನಾನೇ ಕೈ ಅಡ್ಡ ಹಿಡಿದು ತೋರಿಸ್ತೀನಿ, ಪವಾಡಕ್ಕಿಂತ ಇದಕ್ಕ ಜಾಸ್ತಿ ಬೆರಗಾಗ್ತಾರ.

ಕಲ್ಲಿನ ತೇರು ಅಂತೀವಿ, ಅದು ಗರುಡನ ಗುಡಿ. 50 ರೂಪಾಯಿ ನೋಟಿನ ಹಿಂದ ಐತಲ್ಲ, ನೋಟು ಕೈಯಾಗ ಕೊಟ್ಟು ಹೇಳಿದ್ರ ಬಂದವರಿಗೆ ನೆನಪು ಉಳಿತೈತಿ. ಪೋರ್ಚುಗೀಸ್ ಪ್ರವಾಸಿ ಪೇಸ್ ಬಂದಿದ್ದು ಕೃಷ್ಣದೇವರಾಯನ ಕಾಲಕ್ಕ, ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಅದಕ್ಕಿಂತ ಮುಂಚೆ 1443ಕ್ಕ, ಇಬ್ಬರನ್ನೂ ಕಲಸಿ ಹೇಳೋ ಗೈಡ್ ಭಾಳ ಮಂದಿ ಅದಾರ. ನೀನು ಹಿಸ್ಟರಿ ಓದಿದಾವ, ನಿನಗ ಅದು ಆಗಬಾರದು.

ರೊಕ್ಕದ ಮಾತು ಮುಚ್ಚಿಡೂದಿಲ್ಲ. ಅಕ್ಟೋಬರಿಂದ ಫೆಬ್ರವರಿಮಟ ಚಲೋ, ಏಪ್ರಿಲ್ ಮೇದಾಗ ಕಲ್ಲುಬಂಡಿ ಕಾದು ಮಂದಿನೇ ಬರೂದಿಲ್ಲ, ಕೊರೊನಾದಾಗ ನಾನು ಬಾಳಿತೋಟಕ್ಕ ಕೂಲಿ ಹೋಗೀನಿ. ಫ್ರೆಂಚ್, ಸ್ಪ್ಯಾನಿಶ್ ಒಂದು ಭಾಷೆ ಬಂದ್ರ ಮಾತ್ರ ನಿನ್ನ ರೇಟು ಬ್ಯಾರೆ.

ಪುಸ್ತಕದ_ಹುಳ

ಎಂಬಿಎ ಬಗ್ಗೆ ಯಾರೂ ಹೇಳ್ಲಿಲ್ಲ ಅಂತ ಎರಡು ಸಾಲು. ಎಂಬಿಎ ಟೂರಿಸಂ ಓದೋಕೆ ಕೇಂದ್ರ ಸರ್ಕಾರದ ಐಐಟಿಟಿಎಂ ಅಂತ ಸಂಸ್ಥೆ ಇದೆ, 1983ರಲ್ಲಿ ಶುರುವಾಗಿದ್ದು, ಮೇನ್ ಕ್ಯಾಂಪಸ್ ಗ್ವಾಲಿಯರ್, ನಮಗೆ ಹತ್ರ ಅಂದ್ರೆ ಗೋವಾ, ನೆಲ್ಲೂರು. ಖರ್ಚಿಗೆ ಹೆದರಿದ್ರೆ ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಟೂರಿಸಂ ಡಿಪ್ಲೊಮಾನೂ ಇದೆ, ಮಾಸ್ಟರ್ಸೂ ಇದೆ, ಕೆಲಸ ಬಿಡ್ದೆ ಓದಬಹುದು, ಜೂನ್ ಡಿಸೆಂಬರಲ್ಲಿ ಪರೀಕ್ಷೆ. ಅಸೈನ್‌ಮೆಂಟ್ ಮಾತ್ರ ಟೈಮಿಗೆ ಕೊಡಿ, ನಾನು ಅಲ್ಲೇ ಒಂದು ವರ್ಷ ಕಳ್ಕೊಂಡೆ. ಮುಂದೆ ಪಾಠ ಮಾಡೋ ಆಸೆ ಇದ್ರೆ ಮಾಸ್ಟರ್ಸ್ ಆಗಿ ನೆಟ್ (ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ) ಬರೀರಿ, ಅದ್ರಲ್ಲಿ ಟೂರಿಸಂ ಬೇರೆನೇ ಸಬ್ಜೆಕ್ಟ್.

ಹೊಸಪೇಟೆ_ಹುಡುಗ

ಎಲ್ರಿಗೂ ಥ್ಯಾಂಕ್ಸ್. ಇನ್‌ಸ್ಟಿಟ್ಯೂಟ್‌ನೋರಿಗೆ ಫೀಸ್ ಬಿಡಿಸಿ ಬರೆದು ಕಳ್ಸಿ ಅಂತ ಮೆಸೇಜ್ ಹಾಕ್ದೆ, ನಿನ್ನೆಯಿಂದ ಒಂದು ಫೋನೂ ಇಲ್ಲ 😄 ಕೇಂದ್ರದ ಆನ್‌ಲೈನ್ ಕೋರ್ಸು, ಇಗ್ನೋ ಡಿಪ್ಲೊಮಾ ಎರಡೂ ನೋಡ್ತೀನಿ, ಅಂಗಡಿ ಬಿಡೋ ಹಂಗಿಲ್ಲ ಸದ್ಯಕ್ಕೆ. ಗೈಡಣ್ಣ, ಭಾನುವಾರ ನಿಮ್ ಹಿಂದೆ ಬಂದು ನಿಂತ್ಕೊಂಡು ಕೇಳ್ಬೋದಾ, ಮಾತಾಡಲ್ಲ. ಟಿಕೆಟಿಂಗ್ ಅಣ್ಣ, ನಿಮ್ ಲೆಕ್ಕ ಗಿರಾಕಿ ಇಲ್ದಾಗ ಬಿಲ್ ಬುಕ್ ಹಿಂದೆ ಮಾಡ್ದೆ, ಮೊದ್ಲು ಐದೂವರೆ ಬಂತು, ವ್ಯತ್ಯಾಸ ಕೂಡ್ಸೋದು ಮರ್ತಿದ್ದೆ, ಆಮೇಲೆ ನಾಲ್ಕೂವರೆ ಸೇರಿಸಿ 10 ಗಂಟೆ. ಸರೀನಾ?

ಕಮಲಾಪುರ_ಗೈಡ್

ಬಾ. ಮುಂಜಾನೆ ಏಳಕ್ಕ ವಿರೂಪಾಕ್ಷ ಬಾಜಾರದಾಗ. ಟೊಪ್ಪಿಗಿ ತಗೊಂಡು ಬಾ.

ಟಿಕೆಟಿಂಗ್_ಟೇಬಲ್

10 ಸರಿ. ಈಗ ಅದೇ ಟೈಮಿಂಗ್ ಜುಲೈದು ಅಂತ ಹಾಕ್ಕೊಂಡು ಮಾಡು, ಅಲ್ಲಿ ಗಡಿಯಾರ ಮುಂದೆ ಇಟ್ಟಿರ್ತಾರೆ.