ಸಹಾಯ ಬೇಕು: ಮಗುವಿನ ಮೆದುಳಿನ ಗೆಡ್ಡೆಯ ಬ್ಲಾಕ್ (ಮೇಣದಲ್ಲಿ ಇಟ್ಟಿರುವ ಗೆಡ್ಡೆಯ ಚೂರು) ಮತ್ತೆ ಪರೀಕ್ಷೆ ಮಾಡಿಸಬೇಕು
ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ಮಗನಿಗೆ 7 ವರ್ಷ. ಹದಿನೈದು ದಿನದ ಹಿಂದೆ ಇಲ್ಲೇ ಬೆಂಗಳೂರಿನಲ್ಲಿ ಕಿರುಮೆದುಳಿನ ಗೆಡ್ಡೆ ತೆಗೆದರು. ಬಯಾಪ್ಸಿ ರಿಪೋರ್ಟಿನಲ್ಲಿ ಮೆಡುಲ್ಲೋಬ್ಲಾಸ್ಟೋಮಾ (ಕಿರುಮೆದುಳಿನ ಒಂದು ಬಗೆಯ ಕ್ಯಾನ್ಸರ್) ಅಂತ ಅಷ್ಟೇ ಇದೆ. ಯಾವ ಗುಂಪು ಅಂತ ಬರೆದಿಲ್ಲ.

ಇದರಲ್ಲಿ ನಾಲ್ಕು ಮುಖ್ಯ ಗುಂಪುಗಳಿವೆ: ವಿಂಟ್, ಎಸ್‌ಎಚ್‌ಎಚ್, ಗ್ರೂಪ್ 3, ಗ್ರೂಪ್ 4. ಗೆಡ್ಡೆಯ ತೆಳು ಚೂರಿನಲ್ಲಿ ಕೆಲವು ಪ್ರೋಟೀನ್‌ಗಳಿಗೆ ಬಣ್ಣ ಹಿಡಿಸಿ ನೋಡುತ್ತಾರೆ. ಬೀಟಾ ಕೆಟೆನಿನ್ ಎಂಬ ಪ್ರೋಟೀನ್ ಜೀವಕೋಶದ ನ್ಯೂಕ್ಲಿಯಸ್ ಒಳಗೇ ಕಂಡರೆ ಅದು ವಿಂಟ್. ಆ ಮಕ್ಕಳಲ್ಲಿ ಹೆಚ್ಚಿನವರು ಗುಣವಾಗುತ್ತಾರೆ. ನಾವೆಲ್ಲ ಅದಕ್ಕೇ ಕೈಮುಗಿದು ಕಾಯುತ್ತಿದ್ದೇವೆ. ಗ್ಯಾಬ್1 ಎಂಬ ಪ್ರೋಟೀನ್ ಕಂಡರೆ ಎಸ್‌ಎಚ್‌ಎಚ್, ಆಗ ಪಿ53 ಎಂಬ ಪ್ರೋಟೀನ್ ಕೂಡ ನೋಡಬೇಕು. ಯಾಪ್1 ಎಂಬ ಪ್ರೋಟೀನ್ ವಿಂಟ್, ಎಸ್‌ಎಚ್‌ಎಚ್ ಎರಡರಲ್ಲೂ ಕಾಣುತ್ತದೆ. ಗ್ರೂಪ್ 3 ಮತ್ತು 4ನ್ನು ಬೇರೆ ಮಾಡಲು ಈ ಬಣ್ಣಗಳು ಸಾಲುವುದಿಲ್ಲ, ಮಿಥೈಲೇಷನ್‌ನಂಥ (ಗೆಡ್ಡೆಯ ಡಿಎನ್‌ಎ ಮೇಲಿನ ರಾಸಾಯನಿಕ ಗುರುತು ನೋಡುವ) ಪರೀಕ್ಷೆ ಬೇಕು.

ನಿಮ್ಹಾನ್ಸ್ ಅಥವಾ ಕಿದ್ವಾಯಿಯಲ್ಲಿ ಬೇರೆ ಆಸ್ಪತ್ರೆಯ ಬ್ಲಾಕ್ ಕೊಟ್ಟು ಪರೀಕ್ಷೆ ಮಾಡಿಸಿದವರು ಇದ್ದೀರಾ? ಮೇಣದ ಬ್ಲಾಕೇ ಕೊಡಬೇಕಾ, ಸ್ಲೈಡ್ ಸಾಕಾ? ರಿಪೋರ್ಟಿಗೆ ಎಷ್ಟು ದಿನ? ಖರ್ಚು ಎಷ್ಟಾಯಿತು? ರೇಡಿಯೇಷನ್ ಜಾಸ್ತಿ ತಡ ಮಾಡುವ ಹಾಗಿಲ್ಲ ಅಲ್ವಾ, ಅದೇ ನಮ್ಮ ಆತಂಕ. ಈ ದಾರಿಯಲ್ಲಿ ನಡೆದ ಅಪ್ಪ ಅಮ್ಮಂದಿರು, ಪೆಥಾಲಜಿ ಗೊತ್ತಿರುವವರು ದಯವಿಟ್ಟು ತಿಳಿಸಿ. ರಾತ್ರಿ ಎಷ್ಟು ಹೊತ್ತಾದರೂ ನೋಡುತ್ತಿರುತ್ತೇನೆ.