ಟಾರ್ಚಿಗೆ ಕೆಂಪಾಗುವ ಹರಳು ಮೈಕ್ರೋಸ್ಕೋಪಿನಡಿ ಹಳದಿಯಾಗೇ ಇರುತ್ತದೆ, ಯಾಕೆ?

ಹರಳುಹುಡುಗ (ತೀರ್ಥಹಳ್ಳಿ)
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಸ್ಯಾಲಿಸಿಲಿಡೀನ್ ಅನಿಲಿನ್ ಹರಳು ಬೆಳೆಸಿದೆ. 365 ನ್ಯಾನೋಮೀಟರಿನ ಯುವಿ ಟಾರ್ಚ್ ಹಿಡಿದರೆ ಹಳದಿ ಹೋಗಿ ಕಿತ್ತಳೆಗೆಂಪು ಬರುತ್ತದೆ, ನೋಡಲು ಬಹಳ ಚಂದ. ಆದರೆ ಅದೇ ಹರಳನ್ನು ಮೈಕ್ರೋಸ್ಕೋಪಿನಡಿ ಇಟ್ಟು, ಫೋನ್ ಕಟ್ಟಿ, ಟಾರ್ಚ್ ಹಿಡಿದು ವಿಡಿಯೋ ಮಾಡಲು ಹೋದರೆ ಬಣ್ಣ ಏರುವುದೇ ಇಲ್ಲ, ಮೊದಲೇ ಕೆಂಪು ಮಾಡಿ ತಂದಿಟ್ಟರೂ ಸ್ವಲ್ಪ ಹೊತ್ತಿಗೆ ಹಳದಿ. ಬದಲಾಗುತ್ತಿರುವಾಗಲೇ ಹಿಡಿಯಬೇಕು ಅನ್ನುವುದೇ ನನ್ನ ಪ್ರಾಜೆಕ್ಟು. ಮೂರು ವಾರದಿಂದ ಇದೇ ಕಥೆ.

ಇನ್ನೊಂದು ವಿಷಯ. ಎರಡನೇ ಬ್ಯಾಚಿಗೆ ಟಾರ್ಚ್ ಹಿಡಿದರೂ ಏನೂ ಆಗುತ್ತಿಲ್ಲ.

ಮಂಜುಕಣಿವೆ (ಕೊಪ್ಪ)
ಲೆನ್ಸಿಗೆ ಬೂಷ್ಟು ಹಿಡಿದಿದೆಯಾ ನೋಡಿ. ಈ ಮಳೆಗಾಲದಲ್ಲಿ ನನ್ನ ಎರಡು ಲೆನ್ಸ್ ಹೋದವು. ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲೇ ಇಡಿ.

ಹಳೇಲ್ಯಾಬ್ (ಸಾಗರ)
ಬೂಷ್ಟು ಹಿಡಿದರೆ ಚಿತ್ರ ಮಸುಕಾಗುತ್ತದೆ, ಹರಳಿನ ಬಣ್ಣ ಹೋಗುವುದಿಲ್ಲ. ನನಗೆ ಅನುಮಾನ ಇರುವುದು ಮೈಕ್ರೋಸ್ಕೋಪಿನ ಕೆಳಗಿನ ದೀಪದ ಮೇಲೆ. ಬಿಳಿ ಎಲ್‌ಇಡಿ ಅಲ್ವಾ?

ಯುವಿ ಬಿದ್ದಾಗ ಈ ಅಣುವಿನಲ್ಲಿ ಆಕ್ಸಿಜನ್ ಮೇಲಿದ್ದ ಹೈಡ್ರೋಜನ್ ಪಕ್ಕದ ನೈಟ್ರೋಜನ್‌ಗೆ ಜಿಗಿಯುತ್ತದೆ. ಆಮೇಲೆ ಅಣುವಿನ ಒಂದು ಭಾಗ ತಿರುಗಿ ಕೂರುತ್ತದೆ. ಹಾಗೆ ಕೂತ ರೂಪಕ್ಕೇ ಕೆಂಪು ಬಣ್ಣ. ಈ ಕೆಂಪು ರೂಪ ನೀಲಿ, ಹಸಿರು ಬೆಳಕನ್ನು ಹೀರುತ್ತದೆ, ಹೀರಿದ ಕೂಡಲೇ ವಾಪಸ್ ಹಳದಿ ರೂಪಕ್ಕೆ ಹೋಗುತ್ತದೆ. ಬಿಳಿ ಎಲ್‌ಇಡಿಯಲ್ಲಿ 450 ನ್ಯಾನೋಮೀಟರ್ ಹತ್ತಿರದ ನೀಲಿ ತುಂಬಾ ಜಾಸ್ತಿ. ಟಾರ್ಚ್ ಬರೆದದ್ದನ್ನು ದೀಪ ಅಳಿಸುತ್ತಿದೆ.

ಸುಮ್ನೆ ನನ್ನ ಮಾತು ನಂಬಬೇಡಿ, ಪರೀಕ್ಷೆ ಮಾಡಿ. ಎರಡು ಸ್ಲೈಡ್ ಕೆಂಪು ಮಾಡಿ. ಒಂದನ್ನು ಕತ್ತಲೆ ಡಬ್ಬಿಯಲ್ಲಿಡಿ, ಇನ್ನೊಂದನ್ನು ದೀಪದ ಮೇಲಿಡಿ. ಹತ್ತು ನಿಮಿಷ ಬಿಟ್ಟು ಜೊತೆಗಿಟ್ಟು ನೋಡಿ. ಯುವಿ ಕನ್ನಡಕ ಮರೆಯಬೇಡಿ, ಟಾರ್ಚ್ ಉರಿಯುತ್ತಿರುವಾಗ ಐಪೀಸಿಗೆ ಕಣ್ಣಿಡಲೇಬೇಡಿ, ಫೋನಿನಲ್ಲಿ ಮಾತ್ರ ನೋಡಿ.

ಮತ್ತೆ, ಎರಡನೇ ಬ್ಯಾಚನ್ನು ಒಣಗಿಸಿದ್ದು ಹೇಗೆ?

ಹರಳುಹುಡುಗ
ಸರ್, ನೀವು ಹೇಳಿದ್ದೇ ಸರಿ! ಡಬ್ಬಿಯಲ್ಲಿದ್ದದ್ದು ಹಾಗೇ ಕೆಂಪಗಿದೆ, ದೀಪದ ಮೇಲಿದ್ದದ್ದು ಪೂರ್ತಿ ಹಳದಿ.

ಎರಡನೇ ಬ್ಯಾಚ್ ಮಳೆಗೆ ಒಣಗಲೇ ಇಲ್ಲ. ಊರಿಗೆ ತಂದು, ಮುಚ್ಚಿದ ಡಬ್ಬಿಯಲ್ಲಿ ಬಚ್ಚಲೊಲೆ ಮೇಲಿನ ಅಟ್ಟದಲ್ಲಿ ಒಂದು ರಾತ್ರಿ ಇಟ್ಟಿದ್ದೆ. ಬೆಳಿಗ್ಗೆ ಗಟ್ಟಿ ಹೆಂಟೆಯಾಗಿತ್ತು.

ಹಳೇಲ್ಯಾಬ್
ಅದು ಕರಗಿ ಮತ್ತೆ ಗಟ್ಟಿಯಾಗಿದೆ. ಈ ವಸ್ತು ಸುಮಾರು 50 ಡಿಗ್ರಿಗೇ ಕರಗುತ್ತದೆ. ಒಲೆಯ ಮೇಲಿನ ಅಟ್ಟಕ್ಕೆ ಅಷ್ಟು ಬಿಸಿ ಕಷ್ಟವಲ್ಲ. ಇನ್ನು ಮುಂದೆ ಲ್ಯಾಬಿನ ವಸ್ತು ಮನೆಗೆ ತರಬೇಡಿ, ಅಡಿಕೆ ಒಣಗಿಸುವ ಜಾಗದಲ್ಲಂತೂ ಬೇಡವೇ ಬೇಡ.

ಕರಗಿದ್ದರಿಂದ ಬಣ್ಣ ಯಾಕೆ ನಿಲ್ಲಬೇಕು ಅಂದರೆ, ಈ ಒಂದೇ ಅಣು ಬೇರೆ ಬೇರೆ ರೀತಿ ಜೋಡಿಸಿಕೊಂಡು ಹರಳಾಗಬಲ್ಲದು. ಅಣು ಸ್ವಲ್ಪ ತಿರುಚಿಕೊಂಡು ಕೂತರೆ ಅಕ್ಕಪಕ್ಕ ಜಾಗ ಉಳಿಯುತ್ತದೆ, ಬೆಳಕಿಗೆ ಬಣ್ಣ ಬದಲಿಸುತ್ತದೆ. ಚಪ್ಪಟೆಯಾಗಿ ಒಂದರ ಮೇಲೊಂದು ಒತ್ತಿ ಕೂತರೆ ತಿರುಗಲು ಜಾಗವಿಲ್ಲ, ಬಿಸಿಗೆ ಮಾತ್ರ ಬಣ್ಣ ಬದಲಾಗುತ್ತದೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಕೋಹೆನ್ ಮತ್ತು ಶ್ಮಿಟ್ 1960ರ ದಶಕದಲ್ಲೇ ಇದನ್ನು ಬಿಡಿಸಿ ಹೇಳಿದ್ದಾರೆ. ನಿಮ್ಮ ಹೆಂಟೆಯಲ್ಲಿ ಚಪ್ಪಟೆ ಜಾತಿಯೇ ಜಾಸ್ತಿ ಇರಬೇಕು. ಮತ್ತೆ ಎಥನಾಲ್‌ನಲ್ಲಿ ಕರಗಿಸಿ ನಿಧಾನ ಬೆಳೆಸಿ, ಡೆಸಿಕೇಟರಿನಲ್ಲಿ (ತೇವ ಹೀರುವ ಮುಚ್ಚಿದ ಪಾತ್ರೆ) ಒಣಗಿಸಿ. ಹೊಸದೂ ಅದರಂತೆಯೇ ಬೆಳೆಯಲಿ ಅಂತ ಮೊದಲ ಬ್ಯಾಚಿನ ಒಂದು ಸಣ್ಣ ಹರಳನ್ನು ಬೀಜವಾಗಿ ಹಾಕಿ ನೋಡಿ.

ವಿಡಿಯೋಗೆ: ದೀಪದ ಮೇಲೆ ಕೆಂಪು ಫಿಲ್ಟರ್ ಇಡಿ. ಆ ಬೆಳಕು ಅಳಿಸುವುದಿಲ್ಲ, ಆದರೆ ಅದರಲ್ಲಿ ಹರಳಿನ ಬಣ್ಣವೂ ಕಾಣುವುದಿಲ್ಲ, ಆಕಾರ ಮತ್ತು ಬಿರುಕು ಮಾತ್ರ. ಬಣ್ಣ ಬೇಕಾದರೆ ವಿಡಿಯೋ ಬಿಟ್ಟುಬಿಡಿ. ಹತ್ತು ಸೆಕೆಂಡಿಗೊಮ್ಮೆ ಫಿಲ್ಟರ್ ತೆಗೆದು, ಮಂದ ಬಿಳಿ ಬೆಳಕಿನಲ್ಲಿ ಒಂದೇ ಫೋಟೋ ತೆಗೆದು ತಕ್ಷಣ ದೀಪ ಆರಿಸಿ. ತೆಳ್ಳಗಿನ ಹರಳನ್ನೇ ಆರಿಸಿ, ಯುವಿ ಮೇಲಿನ ಪದರದಲ್ಲೇ ಹೀರಿಹೋಗುತ್ತದೆ, ದಪ್ಪ ಹರಳಿನ ಒಳಗೆ ಹಳದಿಯೇ ಉಳಿಯುತ್ತದೆ.

ಹರಳುಹುಡುಗ
ಸರ್, ಬಣ್ಣ ಬದಲಾದದ್ದನ್ನು ತೋರಿಸಿ "ರಚನೆ ಬದಲಾಯಿತು" ಅಂತ ರಿಪೋರ್ಟಿನಲ್ಲಿ ಬರೆಯಬಹುದಾ?

ಹಳೇಲ್ಯಾಬ್
ಬೇಡ. ಅಣು ಹೇಗೆ ಕೂತಿದೆ ಅನ್ನುವುದನ್ನು ಬಣ್ಣ ಹೇಳುವುದಿಲ್ಲ, ಅದಕ್ಕೆ ಎಕ್ಸ್-ರೇಯಂಥ ಪರೀಕ್ಷೆಯೇ ಬೇಕು. ಅದೂ ಸುಲಭವಲ್ಲ, ಯಾಕೆಂದರೆ ಹರಳಿನಲ್ಲಿ ಬದಲಾದ ಅಣುಗಳು ಸ್ವಲ್ಪವೇ. 1999ರಲ್ಲಿ ಜಪಾನಿನ ಹರಾದ, ಉಏಕುಸ, ಓಹಾಶಿ ಇದೇ ಕುಟುಂಬದ ಹರಳೊಂದರ ಮೇಲೆ ಅಣು ಎರಡು ಫೋಟಾನ್ (ಬೆಳಕಿನ ಕಣ) ಒಟ್ಟಿಗೆ ಹೀರುವಂಥ ಲೇಸರ್ ಬಳಸಿದರು. ಆ ಬೆಳಕು ಮೇಲೆಯೇ ನಿಲ್ಲದೆ ಒಳಗೂ ಇಳಿಯಿತು, ಆಮೇಲೇ ಕೆಂಪು ರೂಪದ ರಚನೆ ಎಕ್ಸ್-ರೇಯಲ್ಲಿ ಕಂಡಿತು. ತೀರಾ ವೇಗದ ಬದಲಾವಣೆಯನ್ನು ಹಿಡಿಯಬೇಕಾದರೆ, ಹರಳಿನ ಮೇಲೆ ಮೊದಲು ಲೇಸರ್ ಮಿಂಚು ಬಿಟ್ಟು, ಲೆಕ್ಕ ಹಾಕಿದಷ್ಟು ತಡಮಾಡಿ ಎಕ್ಸ್-ರೇ ಮಿಂಚು ಬಿಡುತ್ತಾರೆ. ಆ ತಡವನ್ನು ಬದಲಿಸುತ್ತಾ ಹೋದರೆ ಒಂದೊಂದೇ ಚಿತ್ರ ಸೇರಿ ಸಿನಿಮಾ ಆಗುತ್ತದೆ. 2009ರಲ್ಲಿ ಶುರುವಾದ ಕ್ಯಾಲಿಫೋರ್ನಿಯಾದ ಎಲ್‌ಸಿಎಲ್‌ಎಸ್ ಎಂಬ ಎಕ್ಸ್-ರೇ ಲೇಸರ್ ಕೇಂದ್ರದಲ್ಲಿ ಫೆಮ್ಟೋಸೆಕೆಂಡ್ (ಸೆಕೆಂಡಿನ ಹತ್ತು ಕೋಟಿ ಕೋಟಿಯಲ್ಲಿ ಒಂದು ಪಾಲು) ಲೆಕ್ಕದಲ್ಲಿ ಇದನ್ನು ಮಾಡುತ್ತಾರೆ. ನೀವು "ಬಣ್ಣ ಏರಿದ ವೇಗ, ಇಳಿದ ವೇಗ ಅಳೆದೆ" ಅಂತ ಬರೆಯಿರಿ, ಎಂಎಸ್ಸಿಗೆ ಅದು ಒಳ್ಳೆಯ ಕೆಲಸ.

ಹರಳುಹುಡುಗ
ಆಯ್ತು ಸರ್, ಹಾಗೇ ಬರೆಯುತ್ತೇನೆ. ನಿನ್ನೆ ಬೀಜ ಹಾಕಿ ಬೆಳೆಸಿದ್ದು ಇವತ್ತು ಟಾರ್ಚಿಗೆ ಕೆಂಪಾಯಿತು. ಮೊದಲ ಹದಿನಾಲ್ಕು ಫೋಟೋ ಸಂಜೆ ಹಾಕುತ್ತೇನೆ, ಕರೆಂಟ್ ಇದ್ದರೆ.