ಸರಪಳಿ ಮಲಗಬೇಕು, ದೊಡ್ಡಪ್ಪ

ದೊಡ್ಡಪ್ಪ: (ಫಾರ್ವರ್ಡ್ ಮಾಡಿದ ಚಿತ್ರ) "ಲಂಗರು ತನ್ನ ಭಾರದಿಂದಲೇ ಹಡಗನ್ನು ನಿಲ್ಲಿಸುತ್ತದೆ." ಪುಟ್ಟಿಯ ವಿಜ್ಞಾನದ ಚಾರ್ಟ್‌ಗೆ ಇದನ್ನೇ ಹಾಕಿಸಿ.

ಅಕ್ಕ: ಆಗಲೇ ಅರ್ಧ ಬರೆದಿದ್ದಾಳೆ ದೊಡ್ಡಪ್ಪ.

ನಾನು: ಅಕ್ಕ, ನಿಲ್ಲಿಸು. ಚಿತ್ರದಲ್ಲಿ ಸರಪಳಿ ನೆಟ್ಟಗೆ ಕೆಳಗಿಳಿದಿದೆ. ಹಾಗಿದ್ದರೆ ಲಂಗರು ಕಚ್ಚುವುದೇ ಇಲ್ಲ.

ದೊಡ್ಡಪ್ಪ: ನಾವು ದೋಣಿಗೆ ಕಲ್ಲು ಕಟ್ಟಿ ಬಿಡುತ್ತಿದ್ದೆವು. ಹೊಳೆಯಲ್ಲಿ ನಿಲ್ಲುತ್ತಿರಲಿಲ್ವಾ? ಅದು ಭಾರ ಅಲ್ಲದೆ ಮತ್ತೇನು?

ನಾನು: ದೋಣಿಗೆ ಅಷ್ಟು ಸಾಕು. ನಮ್ಮ ಹಡಗು ಹತ್ತಾರು ಸಾವಿರ ಟನ್, ಲಂಗರು ಹತ್ತು ಟನ್ ಆಸುಪಾಸು. ಬರೀ ಭಾರಕ್ಕೆ ನಿಲ್ಲುತ್ತದಾ ಹೇಳಿ.

ಚಿಕ್ಕಮ್ಮ: ಮತ್ತೆ ಹೇಗೆ ನಿಲ್ಲುತ್ತದೆ ಮಾರಾಯ?

ನಾನು: ಪಿಕಾಸಿಯನ್ನು ನೆಲಕ್ಕೆ ಹೊಡೆದು, ಹಿಡಿಯನ್ನು ನೆಲಕ್ಕೆ ತಾಗಿಸಿಯೇ ಎಳೆಯಿರಿ ಚಿಕ್ಕಮ್ಮ. ಇನ್ನೂ ಗಟ್ಟಿಯಾಗಿ ಕಚ್ಚುತ್ತದೆ. ಹಿಡಿ ಮೇಲೆತ್ತಿದರೆ ಮಣ್ಣು ಸಮೇತ ಎದ್ದು ಬರುತ್ತದೆ. ಲಂಗರಿನ ಕೊಕ್ಕೆಗಳೂ ಹಾಗೇ, ಅಡ್ಡಕ್ಕೆ ಎಳೆದಷ್ಟೂ ಕೆಸರಿಗೆ ಇಳಿಯುತ್ತವೆ. ಅದಕ್ಕೇ ನೀರಿನ ಆಳದ ಐದಾರು ಪಟ್ಟು ಸರಪಳಿ ಬಿಡುತ್ತೇವೆ. ಸರಪಳಿಯನ್ನು ಅಳೆಯುವುದು ಶ್ಯಾಕಲ್ ಲೆಕ್ಕದಲ್ಲಿ, ಒಂದು ಶ್ಯಾಕಲ್ ಅಂದರೆ 27.5 ಮೀಟರ್. 30 ಮೀಟರ್ ನೀರಿದ್ದರೆ ಆರು ಶ್ಯಾಕಲ್. ಒಂದಷ್ಟು ಸರಪಳಿ ತಳದಲ್ಲಿ ಮಲಗಿರಬೇಕು. ಭಾರ ಬೇಕಾಗುವುದು ಇಲ್ಲೇ, ಸರಪಳಿಯನ್ನು ಮಲಗಿಸಿಡಲು. ಅಲೆ ಬಂದಾಗ ಅದು ಸ್ವಲ್ಪ ಎದ್ದು ಮತ್ತೆ ಕೂರುತ್ತದೆ, ಜಗ್ಗಾಟ ಲಂಗರಿಗೆ ಪೂರ್ತಿ ತಟ್ಟುವುದಿಲ್ಲ. ಲಂಗರು ಎತ್ತುವಾಗ ಸರಪಳಿ ಎಳೆದುಕೊಂಡು ನೆಟ್ಟಗೆ ಮಾಡುತ್ತೇವೆ, ಆಗ ಕೊಕ್ಕೆ ಬಿಟ್ಟುಕೊಳ್ಳುತ್ತದೆ. ದೊಡ್ಡಪ್ಪನ ಚಿತ್ರದಲ್ಲಿರುವುದು ಅದು!

ಭಾವ: ಹೀಗೆ ಕಚ್ಚಿದ ಮೇಲೆ ಎಂಥ ಗಾಳಿಗೂ ಭಯವಿಲ್ಲ, ಅಲ್ವಾ?

ನಾನು: ಇಲ್ಲ ಭಾವ. 2007ರ ಜೂನ್ 8ರಂದು ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ಹೊರಗೆ ಪಾಶಾ ಬಲ್ಕರ್ ಎಂಬ ಹಡಗು ಕಲ್ಲಿದ್ದಲು ತುಂಬಿಸಿಕೊಳ್ಳಲು ಕಾಯುತ್ತಿತ್ತು. ಬಿರುಗಾಳಿಗೆ ಲಂಗರು ಜಾರಿತು. ಎತ್ತಿಕೊಂಡು ಹೊರಟಾಗ ತಡವಾಗಿತ್ತು, ನೋಬಿಸ್ ಬೀಚಿಗೇ ಬಂದು ಕೂತಿತು. ಮತ್ತೆ ನೀರಿಗೆ ಎಳೆದಿದ್ದು ಜುಲೈ 2ಕ್ಕೆ. ರಾತ್ರಿ ಪಾಳಿಯಲ್ಲಿ ನಾನು ಸರಪಳಿಯ ಮೇಲೆ ಕೈ ಇಟ್ಟು ನೋಡುವುದು ಅದಕ್ಕೇ. ಕಚ್ಚಿದ್ದರೆ ಸುಮ್ನೆ ಇರುತ್ತದೆ. ಜಾರುತ್ತಿದ್ದರೆ ಗಡಗಡ ನಡುಕ ಅಂಗೈಗೆ ಬರುತ್ತದೆ.

ದೊಡ್ಡಪ್ಪ: ಪಿಕಾಸಿಯ ಮಾತು ಸರಿ. ಆದರೂ ನಮ್ಮ ಕಲ್ಲು ಭಾರಕ್ಕೇ ನಿಲ್ಲುತ್ತಿತ್ತು.

ನಾನು: ಕಲ್ಲಿನದು ಒಪ್ಪಿದೆ ದೊಡ್ಡಪ್ಪ.

ಅಕ್ಕ: ಪುಟ್ಟಿ ರಬ್ಬರ್ ಹುಡುಕುತ್ತಿದ್ದಾಳೆ. ಎಷ್ಟುದ್ದ ಬರೆಯಬೇಕಂತೆ?

ನಾನು: ನೀರಿನ ಆಳ ಎಷ್ಟು ಬರೆದಿದ್ದಾಳೆ?

ಅಕ್ಕ: 10 ಸೆಂಟಿಮೀಟರ್.

ನಾನು: ಹಾಗಾದರೆ ಸರಪಳಿ 50. ಚಾರ್ಟನ್ನು ಅಡ್ಡ ಇಟ್ಟುಕೊಳ್ಳಲಿ.